ಟೀಚರ್‌ನ ಕೇಳಿ: ಉದ್ದ ಲೋಟದ ಜಗಳ, ಗೋದಾಮಿನ ಬೀಗದ ಕೈ

ಪ್ರಶ್ನೆ: ಟೀಚರ್, ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ದೊಡ್ಡವನಿಗೆ ಎಂಟು ವರ್ಷ, ಚಿಕ್ಕವನಿಗೆ ಐದು. ಸಂಜೆ ಹಾಲು ಕೊಡುವಾಗ ದಿನಾ ರಂಪ. ಚಿಕ್ಕವನ ಕಣ್ಣೆದುರೇ ಇಬ್ಬರಿಗೂ ಒಂದೇ ಅಳತೆಯಲ್ಲಿ ಹಾಕುತ್ತೇನೆ. ಆದರೂ ಅಣ್ಣನ ಉದ್ದ ಲೋಟ ನೋಡಿ ‘ಅವನಿಗೆ ಜಾಸ್ತಿ’ ಅಂತ ಅಳು. ಸೊಸೆ ಬಿ.ಎಡ್. ಓದುತ್ತಿದ್ದಾಳೆ. ‘ಇದು ಪಿಯಾಜೆ ಹೇಳಿದ ಹಂತ ಅತ್ತೆ, ಏಳು ವರ್ಷ ಆಗೋವರೆಗೂ ಹೀಗೇ’ ಅನ್ನುತ್ತಾಳೆ. ಅಲ್ಲಿವರೆಗೂ ಈ ಗಲಾಟೆ ತಡ್ಕೋಬೇಕಾ?
– ಒಬ್ಬ ಅಜ್ಜಿ, ಸೋಮವಾರಪೇಟೆ

ಉತ್ತರ: ಅಜ್ಜಿ, ಸೊಸೆ ಹೇಳಿದ್ದು ಅರ್ಧ ಸರಿ. ಮೊಮ್ಮಗ ಹಠ ಮಾಡುತ್ತಿಲ್ಲ. ಅವನಿಗೆ ನಿಜವಾಗಿಯೂ ಅಣ್ಣನ ಹಾಲೇ ಜಾಸ್ತಿ ಕಾಣುತ್ತದೆ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಮೊದಲು ಬಸವನಹುಳುಗಳ ಬೆನ್ನು ಹತ್ತಿದ್ದವರು. ಆಮೇಲೆ ತಮ್ಮದೇ ಮೂವರು ಮಕ್ಕಳನ್ನು ಅಷ್ಟೇ ತಾಳ್ಮೆಯಿಂದ ನೋಡುತ್ತಾ ಕೂತರು. ಎರಡರಿಂದ ಏಳು ವರ್ಷದ ಮಗು ಒಂದು ಸಲಕ್ಕೆ ಒಂದನ್ನೇ ನೋಡುತ್ತದೆ ಎಂದರು. ಎತ್ತರ ಕಂಡರೆ ಅಗಲ ಮರೆತುಹೋಗುತ್ತದೆ. ಆ ಹಾಲನ್ನು ವಾಪಸ್ ಹಳೇ ಲೋಟಕ್ಕೆ ಸುರಿದರೆ ಅಷ್ಟೇ ಇರುತ್ತದೆ ಎಂದು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ನೋಡಲು ಅದಕ್ಕಿನ್ನೂ ಬರುವುದಿಲ್ಲ.

ಎಣಿಸಿ ತೋರಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕಾಫಿ ಒಣಗಿಸುವ ಕಣದಲ್ಲಿ ಒಂದು ಸಲ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಪುಟ್ಟ ಹುಡುಗಿಯ ಮುಂದೆ ಆರಾರು ಕಾಫಿ ಹಣ್ಣಿನ ಎರಡು ಸಾಲು ಜೋಡಿಸಿದೆ. ‘ಎರಡೂ ಒಂದೇ’ ಅಂದಳು. ಒಂದು ಸಾಲಿನ ಹಣ್ಣುಗಳನ್ನು ದೂರ ದೂರ ಸರಿಸಿದೆ. ‘ಇದು ಜಾಸ್ತಿ.’ ಎಣಿಸು ಅಂದೆ. ಬೆರಳಿಟ್ಟು ಎಣಿಸಿದಳು. ಅಲ್ಲೂ ಆರು, ಇಲ್ಲೂ ಆರು. ‘ಈಗ ಹೇಳು?’ ಸ್ವಲ್ಪ ಯೋಚಿಸಿ, ‘ಆರೇ ಇರೋದು. ಆದ್ರೆ ಇದು ಜಾಸ್ತಿ’ ಅಂದಳು! ಪಿಯಾಜೆಗೂ ಇಂಥದೇ ಉತ್ತರಗಳು ಸಿಕ್ಕಿದ್ದವು.

ಇನ್ನು ‘ಏಳು ವರ್ಷ’ ಅನ್ನುವ ಮಾತು. ಅದನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. 1970ರ ದಶಕದಲ್ಲಿ ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಗಾರರು ಇದೇ ಪರೀಕ್ಷೆಯನ್ನು ಸ್ವಲ್ಪ ಬದಲಿಸಿದರು. ದೊಡ್ಡವರು ಸಾಲು ಸರಿಸುವ ಬದಲು ಒಂದು ತುಂಟ ಟೆಡ್ಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಆಗ ನಾಲ್ಕರಿಂದ ಆರು ವರ್ಷದ ಎಷ್ಟೋ ಮಕ್ಕಳು ಸರಿಯಾಗಿಯೇ ಉತ್ತರಿಸಿದರು. ದೊಡ್ಡವರು ಬೇಕಂತಲೇ ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರ ಬದಲಿಸಬೇಕೇನೋ ಅಂತ ಮಗುವಿಗೆ ಅನ್ನಿಸುತ್ತದೆ, ಅಲ್ವಾ? ಮೆಕ್ಸಿಕೋದಲ್ಲಿ ಮಡಕೆ ಮಾಡುವವರ ಮಕ್ಕಳಿಗೆ ಮಣ್ಣಿನ ಆಕಾರ ಬದಲಾದರೂ ಮಣ್ಣು ಅಷ್ಟೇ ಇರುತ್ತದೆ ಅನ್ನುವುದು ಬೇರೆ ಮಕ್ಕಳಿಗಿಂತ ಮೊದಲೇ ಗೊತ್ತಾಗುತ್ತಿತ್ತು ಎಂದು 1969ರ ಒಂದು ಅಧ್ಯಯನ ಹೇಳುತ್ತದೆ. ಕೈ ಆಡಿದಲ್ಲಿ ಬುದ್ಧಿ ಬೇಗ ಓಡುತ್ತದೆ.

ಹಾಗಾಗಿ ಸುರಿಯುವ ಕೆಲಸ ಅವನಿಗೇ ಕೊಡಿ. ಉದ್ದ ಲೋಟದಿಂದ ಗಿಡ್ಡ ಲೋಟಕ್ಕೆ, ಮತ್ತೆ ಉದ್ದಕ್ಕೆ. ಮೊದಲು ನೀರಲ್ಲಿ ಆಡಲಿ, ಹಾಲು ಚೆಲ್ಲೋದು ಬೇಡ. ಅಷ್ಟರಲ್ಲಿ ಮನೆಯಲ್ಲಿ ನೆಮ್ಮದಿ ಬೇಕೆಂದರೆ ಒಂದೇ ಥರದ ಎರಡು ಲೋಟ ತನ್ನಿ.

ಪ್ರಶ್ನೆ: ಮಗಳಿಗೆ 14 ತಿಂಗಳು. ಇನ್ನೂ ಒಬ್ಬಳೇ ನಡೆಯುತ್ತಿಲ್ಲ, ಗೋಡೆ ಹಿಡಿದು ಓಡಾಡುತ್ತಾಳೆ. ಪಕ್ಕದ ಮನೆ ಮಗು ಹತ್ತನೇ ತಿಂಗಳಿಗೇ ನಡೆಯಿತು.
– ತಾಯಿ, ಕುಶಾಲನಗರ

ಉತ್ತರ: ಪಕ್ಕದ ಮನೆ ಕಡೆ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಲೆಕ್ಕ ಹಾಕಿದೆ. ಹಿಡಿದುಕೊಳ್ಳದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ ಯಾವಾಗ ಬಂದರೂ ಸರಿ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಅಥವಾ ಬರುತ್ತಿದ್ದದ್ದು ನಿಂತುಹೋದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನಗೆ 44 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟಕ್ಕೆ ವಾಪಸ್ ಬಂದಿದ್ದೇನೆ. ಅಪ್ಪನಿಗೆ 73. ಗೋದಾಮಿನ ಬೀಗದ ಕೈ ಇನ್ನೂ ಅವರ ಜೇಬಿನಲ್ಲೇ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಯಾವಾಗ, ಗೊಬ್ಬರ ಎಷ್ಟು, ಕಾಫಿ ಚೆರ್ರಿ ಯಾರಿಗೆ ಕೊಡಬೇಕು, ಎಲ್ಲಾ ಅವರದೇ ತೀರ್ಮಾನ. ನಾನು ಏನು ಹೇಳಿದರೂ ಮೇಸ್ತ್ರಿ ‘ದೊಡ್ಡ ಸಾವ್ಕಾರ್ರನ್ನ ಕೇಳಿ ಮಾಡ್ತೀನಿ’ ಅನ್ನುತ್ತಾನೆ. ವಯಸ್ಸಾದ ಮೇಲೆ ಬಿಟ್ಟುಕೊಡಬೇಕು ಅಂತ ಮನಶ್ಶಾಸ್ತ್ರದಲ್ಲಿ ಇಲ್ವಾ?

ಉತ್ತರ: ಇಲ್ಲ. ಇದ್ದಿದ್ದರೆ ನಿಮ್ಮ ಅಪ್ಪ ಅದನ್ನು ಓದಿ ಒಪ್ಪುತ್ತಿದ್ದರಾ?

ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತಗಳನ್ನು ಹೇಳಿದರು. ಒಂದೊಂದರಲ್ಲೂ ಒಂದೊಂದು ಎಳೆದಾಟ. ಏಳನೆಯದು ನಡುವಯಸ್ಸಿನದು: ಮುಂದಿನವರಿಗೆ ಉಳಿಯುವಂಥದ್ದು ಏನಾದರೂ ಬೆಳೆಸುತ್ತೇವಾ, ಇಲ್ಲಾ ನಿಂತಲ್ಲೇ ನಿಲ್ಲುತ್ತೇವಾ? ಎಂಟನೆಯದು ಮುಪ್ಪಿನದು: ಹಿಂತಿರುಗಿ ನೋಡಿದಾಗ ಬದುಕಿದ್ದು ಸಾರ್ಥಕ ಅನ್ನಿಸುತ್ತದಾ, ಛೇ ಅನ್ನಿಸುತ್ತದಾ? ಪಠ್ಯಪುಸ್ತಕಗಳಲ್ಲಿ 65ಕ್ಕೆ ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆ ಪರೀಕ್ಷೆ ಬರೆಯುವವರಿಗೆ ಮಾತ್ರ ಬೇಕು. ನಿಮ್ಮ ಅಪ್ಪ ಇನ್ನೂ ಏಳನೆಯದರಲ್ಲೇ ಗಟ್ಟಿಯಾಗಿ ಕೂತಿದ್ದಾರೆ. ನೀವೂ ಈಗ ಅಲ್ಲಿಗೇ ಬಂದಿದ್ದೀರಿ. ಇಬ್ಬರಿಗೂ ಬೆಳೆಸಬೇಕಾಗಿರುವುದು ಅದೇ ತೋಟ. ಜಗಳ ಇರುವುದು ಅಲ್ಲಿ.

ನಿಮಗೆ ಎರಿಕ್ಸನ್‌ಗಿಂತ ಜರ್ಮನಿಯ ಪೌಲ್ ಬಾಲ್ಟಿಸ್ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಬೆಳವಣಿಗೆ ಯಾವ ವಯಸ್ಸಿಗೂ ನಿಲ್ಲುವುದಿಲ್ಲ, ಪ್ರತಿ ವಯಸ್ಸಿನಲ್ಲೂ ಏನೋ ಬರುತ್ತದೆ, ಏನೋ ಹೋಗುತ್ತದೆ ಎಂದವರು ಅವರು. ಚೆನ್ನಾಗಿ ಮುಪ್ಪಾಗುವವರು ಮೂರು ಕೆಲಸ ಮಾಡುತ್ತಾರಂತೆ. ಬಾಲ್ಟಿಸ್ ಕೊಡುತ್ತಿದ್ದ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರ ವಯಸ್ಸಿನಲ್ಲೂ ಹೇಗೆ ಇಷ್ಟು ಚೆನ್ನಾಗಿ ನುಡಿಸುತ್ತೀರಿ ಎಂದು ಕೇಳಿದಾಗ ಅವರು ಹೇಳಿದ್ದು: ಕೆಲವೇ ಕೃತಿ ಆರಿಸಿಕೊಳ್ಳುತ್ತೇನೆ, ಅವನ್ನೇ ಜಾಸ್ತಿ ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮುಂಚೆ ನಿಧಾನ ಮಾಡುತ್ತೇನೆ. ಆಗ ಮುಂದಿನದು ವೇಗವಾಗಿಯೇ ಕೇಳಿಸುತ್ತದೆ!

ಹಾಗೆಯೇ ಅಪ್ಪನ ಕೈಯಲ್ಲಿ ಯಾವುದು ಉಳಿಯಬೇಕು ಅಂತ ನೋಡಿ. ಅವರ ಹತ್ತಿರ ಮಳೆ ಪುಸ್ತಕ ಇರಬೇಕಲ್ವಾ? ಯಾವ ವರ್ಷ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಬಿತ್ತು, ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು, ಆ ವರ್ಷ ಫಸಲು ಏನಾಯಿತು, ಅದೆಲ್ಲ ಅವರಿಗೆ ಬಾಯಿಪಾಠ ಇರುತ್ತದೆ. ವಯಸ್ಸಾದಂತೆ ತಲೆ ಓಡುವ ವೇಗ ಕಡಿಮೆಯಾಗುತ್ತದೆ, ಆದರೆ ಕೂಡಿಟ್ಟ ತಿಳಿವಳಿಕೆ ಬಹಳ ಕಾಲ ಉಳಿಯುತ್ತದೆ. 1956ರಿಂದ ಅಮೆರಿಕದ ಸಿಯಾಟಲ್‌ನಲ್ಲಿ ವರ್ಷಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಮರಗಸಿ ಎಷ್ಟು ಮಾಡಬೇಕು, ಯಾವ ಕೊಂಬೆ ಬಿಡಬೇಕು ಅನ್ನುವುದು ಅವರಿಗೇ ಇರಲಿ. ಜಿ.ಎಸ್.ಟಿ., ಬ್ಯಾಂಕು, ದಿನಕ್ಕೊಂದು ಥರ ಏರಿಳಿಯುವ ದರ, ಇವನ್ನು ನೀವು ತೆಗೆದುಕೊಳ್ಳಿ.

ಜೊತೆಗೆ ತೋಟದ ಒಂದು ಬ್ಲಾಕ್ (ಭಾಗ) ಕೇಳಿ. ಈ ಹೂ ಮಳೆಯಿಂದ ಕೊಯ್ಲು ಮುಗಿಯುವವರೆಗೆ ಅದರ ಲಾಭ ನಷ್ಟ ಎರಡೂ ನಿಮ್ಮದು. ಆ ಮಾತನ್ನು ಮೇಸ್ತ್ರಿಯ ಎದುರಿಗೆ ಅಪ್ಪನ ಬಾಯಲ್ಲೇ ಹೇಳಿಸಿ, ಇಲ್ಲದಿದ್ದರೆ ಆತ ಮತ್ತೆ ಅವರನ್ನೇ ಕೇಳಲು ಹೋಗುತ್ತಾನೆ. ಬೀಗದ ಕೈ ಮಾತ್ರ ಕೇಳಬೇಡಿ. ಅವರಿಗೆ ಹೇಳಿಯೇ ಇನ್ನೊಂದು ಮಾಡಿಸಿ.

ಒಂದು ವಿಷಯ. ಕೊಟ್ಟ ದುಡ್ಡನ್ನು ಮರೆತು ಮತ್ತೆ ಕೊಡುವುದು, ತಮ್ಮದೇ ತೋಟದಲ್ಲಿ ದಾರಿ ತಪ್ಪುವುದು ಶುರುವಾದರೆ ಅದು ಯಾವ ಹಂತವೂ ಅಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 20. ಪಿಯುಸಿಯಲ್ಲಿ ಸೈನ್ಸ್, ಆಮೇಲೆ ಬಿ.ಕಾಂ. ಈಗ ಅದೂ ಬೇಡ, ಹಾಕಿ ಕೋಚ್ ಆಗೋಣ ಅನ್ನಿಸುತ್ತಿದೆ. ಮನೆಯಲ್ಲಿ ‘ಗೊತ್ತುಗುರಿ ಇಲ್ಲದವನು’ ಅಂತಾರೆ. ನನಗೇನಾದ್ರೂ ತೊಂದರೆ ಇದೆಯಾ ಮೇಡಂ?
– ಪೊನ್ನಂಪೇಟೆ

ಉತ್ತರ: ನಾನು ಯಾರು ಅಂತ ಹುಡುಕುವುದು ನಿನ್ನ ವಯಸ್ಸಿನ ಮುಖ್ಯ ಕೆಲಸ ಎಂದವರೂ ಎರಿಕ್ಸನ್ನೇ. ಅವರ ಕಥೆ ಕೇಳು. ಹುಟ್ಟಿಸಿದ ತಂದೆ ಯಾರು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಮಲತಂದೆ ಡಾಕ್ಟರ್. ಹುಡುಗ ಮಾತ್ರ ಚಿತ್ರ ಬಿಡಿಸುತ್ತಾ ಯುರೋಪ್ ಸುತ್ತಿದ. ಡಿಗ್ರಿ ಮಾಡಲೇ ಇಲ್ಲ. ಆಮೇಲೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದರು. (ಇದನ್ನು ಮನೆಯಲ್ಲಿ ಓದಿ ತೋರಿಸಬೇಡ, ನನ್ನನ್ನೇ ಬೈತಾರೆ.)

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದರು. ಹುಡುಕುತ್ತಾ ಇರುವುದು ಬೇರೆ, ಹುಡುಕದೆ ಸುಮ್ನೆ ತೇಲುವುದು ಬೇರೆ. ಹುಡುಕದೆಯೇ ಅಪ್ಪ ಹೇಳಿದ್ದಕ್ಕೆ ಹೂಂ ಅನ್ನುವ ಇನ್ನೊಂದು ಗುಂಪೂ ಇದೆ. ನೀನು ಯಾವುದರಲ್ಲಿದ್ದೀಯಾ ಅಂತ ತಿಳಿಯಬೇಕಾ? ಹತ್ತಿರದ ಶಾಲೆಯಲ್ಲಿ ಕೇಳಿಕೊಂಡು, ಚಿಕ್ಕ ಮಕ್ಕಳಿಗೆ ಈ ಮಳೆಗಾಲವೆಲ್ಲ ಬೆಳಗ್ಗೆ ಹಾಕಿ ಹೇಳಿಕೊಡು. ಕೆಸರಲ್ಲಿ ಸ್ಟಿಕ್ ಹಿಡಿದು ಮಕ್ಕಳ ಹಿಂದೆ ಓಡಿದ ಮೇಲೂ ಕೋಚ್ ಆಗಬೇಕು ಅನ್ನಿಸಿದರೆ ಬರೆ, ಮುಂದಿನದು ಮಾತಾಡೋಣ. ಅಲ್ಲಿವರೆಗೆ ಬಿ.ಕಾಂ. ಬಿಡಬೇಡ. ಈಗಾಗಲೇ ಕ್ಲಾಸಿಗೆ ಹೋಗುವುದು ನಿಲ್ಲಿಸಿದ್ದರೆ ಅಪ್ಪನಿಗೆ ನೀನೇ ಹೇಳು, ಕಾಲೇಜಿನಿಂದ ಫೋನ್ ಬರುವ ಮುಂಚೆ.