ಗ್ಯಾರೇಜಿನವರು ಮಾಡಿಫೈ ಮಾಡಿದ ಹಳೇ ಬಿಎಂಡಬ್ಲ್ಯು ಎಂ3 ಓಡಿಸೋಕೆ ಹೇಗಿರುತ್ತೆ? ಸೂಪರ್‌ಚಾರ್ಜರ್ ಇರೋದನ್ನೇ ಕೊಳ್ಳಲೇ?

ಮ್ಯೂನಿಕ್‌ನಲ್ಲಿ ಕೆಲಸ, ಕೈಯಲ್ಲಿ ಒಂದಿಷ್ಟು ಉಳಿತಾಯ, ನಿಮ್ಮ ಕಣ್ಣೆದುರಿಗೆ ಎರಡು ಇ46 ಎಂ3 (2000ರ ದಶಕದ ತಲೆಮಾರಿನ ಎಂ3). ಒಂದಕ್ಕೆ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಪಂಪು) ಹಾಕಿ 450 ಹಾರ್ಸ್‌ಪವರ್ ಮಾಡಿದ್ದಾರೆ, ಇನ್ನೊಂದಕ್ಕೆ ಸಸ್ಪೆನ್ಶನ್, ಬ್ರೇಕ್ ಕೆಲಸ ಮಾತ್ರ ಆಗಿದೆ. ಎಂಟು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ, ಊರು ಮಾತ್ರ ಸ್ಟಟ್‌ಗಾರ್ಟ್. ನಿಮ್ಮ ಪ್ರಶ್ನೆಯಲ್ಲಿ 450 ಅನ್ನೋ ಅಂಕಿ ಮೂರು ಸಲ ಬಂದಿದೆ, ಸಸ್ಪೆನ್ಶನ್ ಅನ್ನೋ ಮಾತು ಒಂದೇ ಸಲ. ಅದನ್ನ ನೋಡಿಯೇ ಬರೆಯೋಕೆ ಕೂತೆ.

ನಾನು ಕೊಂಡದ್ದು 2004ರ ಕಾರು. 3.2 ಲೀಟರಿನ ಆರು ಸಿಲಿಂಡರ್ ಎಸ್54 ಇಂಜಿನ್, ಕಂಪನಿಯಿಂದ ಹೊರಬಂದಾಗ 343 ಹಾರ್ಸ್‌ಪವರ್, ಆರು ಗೇರಿನ ಮ್ಯಾನುಯಲ್. ಕೊಂಡ ವಾರದಲ್ಲೇ ಊರಾಚೆಯ ಒಂದು ಸಣ್ಣ ಗ್ಯಾರೇಜಿಗೆ ಬಿಟ್ಟೆ. ಅಪ್ಪ, ಮಗ ಇಬ್ಬರೇ ನಡೆಸೋದು, ಅಪ್ಪನಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಪವರ್ ಎಷ್ಟು ಹೆಚ್ಚಿಸಬಹುದು ಅಂತ ಕೇಳಿದೆ. ಆ ಹಿರಿಯರು ಉತ್ತರ ಕೊಡದೆ ಕಾರನ್ನು ಲಿಫ್ಟಿಗೇರಿಸಿ, ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಶನ್ ಹೊರುವ ಚೌಕಟ್ಟು) ಕಾರಿನ ಬಾಡಿಗೆ ಕಚ್ಚಿಕೊಳ್ಳುವ ಜಾಗಕ್ಕೆ ಟಾರ್ಚ್ ಹಿಡಿದರು. ಬೋಲ್ಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಇದು ಈ ಮಾಡೆಲ್ಲಿನ ಹುಟ್ಟುಗುಣ: ಹಿಂದಿನ ಚಕ್ರಗಳ ಎಳೆತ ತಿಂದು ತಿಂದು ತಗಡು ಸೀಳುತ್ತೆ. ಮೊದಲು ಅಲ್ಲಿಗೆ ಪ್ಲೇಟ್ ಇಟ್ಟು ವೆಲ್ಡ್ ಮಾಡಿದರು. ಆಮೇಲೆ ಇಂಜಿನ್ನಿನ ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಬೇರಿಂಗು) ಬದಲಾಯಿಸಿದರು. ಶುರುವಿನ ವರ್ಷಗಳ ಎಂ3ಗಳನ್ನು ಬಿಎಂಡಬ್ಲ್ಯು ತಾನೇ ವಾಪಸ್ ಕರೆಸಿ ಇದೇ ಬೇರಿಂಗ್ ಬದಲಾಯಿಸಿಕೊಟ್ಟಿತ್ತು. ಬ್ರೇಕಿಗೆ ಒಳ್ಳೇ ಪ್ಯಾಡು, ಹೊಸ ಆಯಿಲ್, ಸ್ಟೀಲ್ ಹೆಣೆದ ಹೋಸು. ನಾಲ್ಕೂ ಚಕ್ರಕ್ಕೆ ಎತ್ತರ ಹೊಂದಿಸಬಹುದಾದ ಸಸ್ಪೆನ್ಶನ್. ಎಲ್ಲಕ್ಕಿಂತ ಕೊನೆಗೆ, ನಾನು ಹಟ ಹಿಡಿದಿದ್ದಕ್ಕೆ, ಎಂ3ರ ಹಗುರ ಆವೃತ್ತಿಯಾದ 2003ರ ಸಿಎಸ್‌ಎಲ್ ಮಾಡೆಲ್ಲಿನಲ್ಲಿ ಇದ್ದಂಥ ಕಾರ್ಬನ್ ಏರ್‌ಬಾಕ್ಸ್. ಇಂಜಿನ್ನಿಗೆ ಗಾಳಿ ಹೋಗುವ ಪೆಟ್ಟಿಗೆ ಅದು, ಅದರಿಂದ ಹೆಚ್ಚಿದ ಪವರ್ ಬಹಳ ಕಡಿಮೆ.

ಅಂದು ನೋಡಿದ ಒಂದು ದೃಶ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟರು. ನನ್ನನ್ನು ಬಚ್ಚಲಮನೆಯ ತಕ್ಕಡಿಯಂಥದ್ದರ ಮೇಲೆ ನಿಲ್ಲಿಸಿ ತೂಕ ನೋಡಿ, ಅಷ್ಟೇ ತೂಕದ ಮರಳಿನ ಚೀಲಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಆಮೇಲೆ ಒಂದೊಂದು ಚಕ್ರದ ಸ್ಪ್ರಿಂಗ್ ಕಾಲರನ್ನು (ಎತ್ತರ ಹೊಂದಿಸುವ ತಿರುಪಿನ ಬಳೆಯನ್ನು) ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ, ಕಾರನ್ನು ಕೈಯಿಂದ ಒತ್ತಿ ಬಿಡುತ್ತಾ, ಅಂಕಿ ನೋಡುತ್ತಾ, ಇಡೀ ಮಧ್ಯಾಹ್ನ ಕಳೆದರು. ಮಗ ಬರೆದುಕೊಳ್ಳುತ್ತಿದ್ದ, ಅಪ್ಪ ಮಂಡಿಯೂರಿ ಕೂತಿದ್ದರು. ಕೊನೆಗೆ ವೀಲ್ ಅಲೈನ್‌ಮೆಂಟ್. ಆ ಮಧ್ಯಾಹ್ನಕ್ಕೆ ಅವರು ಹಾಕಿದ ಬಿಲ್ಲು ಏರ್‌ಬಾಕ್ಸಿನ ಬೆಲೆಯ ಮುಂದೆ ಏನೂ ಅಲ್ಲ.

ಓಡಿಸೋಕೆ ಹೇಗಿರುತ್ತೆ ಅಂತ ಕೇಳಿದ್ದೀರಿ. ಮೊದಲ ಭಾನುವಾರ ಬೆಳಿಗ್ಗೆ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್ ಕಡೆಗೆ, ಕಪ್ಪು ಅರಣ್ಯದ ಮೇಲೆ ಹಾಯುವ ಬಿ500 ರಸ್ತೆಯಲ್ಲಿ ಹೊರಟೆ. ಈ ಕಾರಿನ ಆರ್‌ಪಿಎಂ ಮೀಟರಿನಲ್ಲಿ ಒಂದು ಚೆಂದದ ವ್ಯವಸ್ಥೆ ಇದೆ: ಇಂಜಿನ್ ತಣ್ಣಗಿರುವಾಗ ಮೇಲಿನ ಅಂಕಿಗಳ ಸುತ್ತ ಕಿತ್ತಳೆ ದೀಪಗಳು ಉರಿಯುತ್ತವೆ, ಆಯಿಲ್ ಬಿಸಿಯಾಗುತ್ತಾ ಬಂದಂತೆ ಒಂದೊಂದೇ ಆರುತ್ತವೆ. 10ಡಬ್ಲ್ಯು-60 ಅನ್ನೋ ಇದರ ಇಂಜಿನ್ ಆಯಿಲ್ ಗಟ್ಟಿ, ಬಿಸಿಯಾಗೋಕೆ ಹೊತ್ತು ಬೇಕು. ಅಲ್ಲಿಯವರೆಗೆ ಸಮಾಧಾನವಾಗಿ ಹೋಗಬೇಕು. ಎಲ್ಲಾ ದೀಪ ಆರಿದ ಮೇಲೆ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಆರು ಸಿಲಿಂಡರಿಗೆ ಆರು ಬೇರೆ ಬೇರೆ ಥ್ರಾಟಲ್ ಇರೋದರಿಂದ ಕಾಲು ಅಲುಗಿದ ಕ್ಷಣವೇ ಇಂಜಿನ್ ಓಗೊಡುತ್ತೆ, ನಡುವೆ ಯೋಚನೆ ಮಾಡೋದಿಲ್ಲ. 4,000 ದಾಟಿದ ಮೇಲೆ ಏರ್‌ಬಾಕ್ಸಿನ ಸದ್ದು ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊರಡುತ್ತೆ: ಯಕ್ಷಗಾನದ ಚಂಡೆ ದೂರದಿಂದ ಹತ್ತಿರ ಬಂದ ಹಾಗೆ, ಮೊದಲು ಎದೆಗೆ, ಆಮೇಲೆ ಕಿವಿಗೆ. 8,000ದವರೆಗೂ ಸುಸ್ತಾಗದೆ ಏರುತ್ತೆ.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಸದ್ದಿಗಿಂತ ಹೆಚ್ಚಾಗಿ ರಸ್ತೆ. ಸಸ್ಪೆನ್ಶನ್ ಮೊದಲಿಗಿಂತ ಗಟ್ಟಿ, ಆದರೂ ಒರಟಿರಲಿಲ್ಲ. ಹಳ್ಳ ಬಂದರೆ ಚಕ್ರ ಇಳಿದು ಏರುತ್ತಿತ್ತು, ಬಾಡಿ ತನ್ನ ಪಾಡಿಗೆ ತಾನಿರುತ್ತಿತ್ತು. ತಿರುವಿಗೆ ಸ್ಟೇರಿಂಗ್ ತಿರುಗಿಸಿದರೆ ನಾಲ್ಕೂ ಟೈರು ಒಟ್ಟಿಗೆ ಕೆಲಸಕ್ಕೆ ಇಳಿದದ್ದು ಸೊಂಟಕ್ಕೆ ಗೊತ್ತಾಗುತ್ತಿತ್ತು. ಎಡ ತಿರುವು, ಬಲ ತಿರುವು ಎರಡಕ್ಕೂ ಕಾರಿನ ನಡವಳಿಕೆ ಒಂದೇ. ಮರಳಿನ ಚೀಲ ಇಟ್ಟು ತೂಗಿದ್ದರ ಫಲ ಅದು. ನಾನು ಸಕಲೇಶಪುರದವನು, ಡ್ರೈವಿಂಗ್ ಕಲಿತದ್ದು ಶಿರಾಡಿ ಘಾಟಿಯಲ್ಲಿ, ಅಪ್ಪ ಓಡಿಸುತ್ತಿದ್ದ ಎಸ್ಟೇಟ್ ಜೀಪಿನಲ್ಲಿ. ಗಾಡಿಯ ಮೇಲೆ ಅಷ್ಟು ನಂಬಿಕೆ ಅಂದಿನವರೆಗೆ ನನಗೆ ಬಂದಿರಲಿಲ್ಲ.

ಆ ಕಾರನ್ನು ಹಾಳು ಮಾಡಿದ್ದು ನಾನೇ, ಒಂದು ಸ್ಪ್ಯಾನರಿನಿಂದ.

ಗ್ಯಾರೇಜಿನವರು ಬಿಟ್ಟ ಎತ್ತರದಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಜಾಗ ಇತ್ತು. ಫೋಟೋದಲ್ಲಿ ನೋಡುವ ಕಾರುಗಳಲ್ಲಿ ಅದು ಇರೋದಿಲ್ಲ, ಟೈರು ಮಡ್‌ಗಾರ್ಡಿನೊಳಗೆ ಅಡಗಿರುತ್ತೆ. ನನಗೆ ಆ ಎರಡು ಬೆರಳು ದಿನವೂ ಕಣ್ಣು ಚುಚ್ಚತೊಡಗಿತು. ಒಂದು ಶನಿವಾರ ಜ್ಯಾಕ್ ಕೊಟ್ಟು, ಕಾಲರುಗಳನ್ನು ಎಂಟೆಂಟು ಸುತ್ತು ಇಳಿಸಿದೆ. ಸುಮಾರು 15 ಮಿಲಿಮೀಟರ್. ಮುಂದಿನ ಒಂದು ಚಕ್ರದಲ್ಲಿ ಕಾಲರಿಗೆ ಮಣ್ಣು ಕಚ್ಚಿ ಏಳೂವರೆ ಸುತ್ತಿಗೆ ನಿಂತುಬಿಟ್ಟಿತು. ಅರ್ಧ ಸುತ್ತು ತಾನೇ ಅಂತ ಬಿಟ್ಟೆ. ಅಲೈನ್‌ಮೆಂಟ್ ಮಾಡಿಸಲಿಲ್ಲ. ಗ್ಯಾರೇಜಿನವರಿಗೆ ಹೇಳಲೂ ಇಲ್ಲ, ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು.

ಇಷ್ಟರಲ್ಲಿ ಏನೇನು ಕೆಟ್ಟಿತು ಅಂತ ನಿಧಾನವಾಗಿ ಹೇಳುತ್ತೇನೆ. ಇದೊಂದು ಅರ್ಥವಾದರೆ ಮಿಕ್ಕಿದ್ದನ್ನು ನೀವು ಓದದಿದ್ದರೂ ನಡೆಯುತ್ತೆ. ಸ್ಪ್ರಿಂಗ್ ಕುಗ್ಗಲು ಜಾಗ ಬೇಕು. ಕುಗ್ಗುತ್ತಾ ಹೋಗಿ ಕೊನೆಗೆ ಶಾಕಿನ ರಾಡಿನ ಮೇಲಿರುವ ಬಂಪ್ ಸ್ಟಾಪ್ ಅನ್ನೋ ರಬ್ಬರಿಗೆ ತಾಗುತ್ತೆ. ತಾಗಿದ ಮೇಲೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ, ಚಕ್ರ ಬಾಡಿಗೆ ನೇರ ಹೊಡೆಯುತ್ತೆ, ಟೈರಿಗೆ ರಸ್ತೆ ಹಿಡಿಯಲು ಆಗೋದಿಲ್ಲ. ಆ ಜಾಗದಲ್ಲಿ 15 ಮಿಲಿಮೀಟರನ್ನು ನಾನು ಅಂದಕ್ಕೋಸ್ಕರ ತಿಂದುಹಾಕಿದ್ದೆ. ಎರಡನೆಯದು, ಕಾರು ತೀರಾ ಕೆಳಗಿಳಿದಾಗ ಮುಂದಿನ ಕಂಟ್ರೋಲ್ ಆರ್ಮ್ ಚಕ್ರದ ಕಡೆ ಮೇಲಕ್ಕೆ ವಾಲುತ್ತೆ. ಆಗ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಆ ಬಿಂದು, ಕಾರಿನ ಭಾರದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತೆ, ಎರಡರ ನಡುವಿನ ಅಂತರ ಹಿಗ್ಗುತ್ತೆ. ಅಂದರೆ ನೋಡಲು ನೆಲ ಕಚ್ಚಿದಂತಿದ್ದರೂ ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತೆ, ಇನ್ನೂ ಬೇಗ ಬಂಪ್ ಸ್ಟಾಪಿಗೆ ಬೀಳುತ್ತೆ. ಮೂರನೆಯದು, ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತೆ. ನಾಲ್ಕನೆಯದು, ಆ ಅರ್ಧ ಸುತ್ತು. ಕುಂಟುವ ಮೇಜಿನ ಒಂದು ಕಾಲು ಉದ್ದ ಇದ್ದ ಹಾಗೆ, ಕರ್ಣದ ಎರಡು ಚಕ್ರ ಹೆಚ್ಚು ಭಾರ ಹೊರುತ್ತಿದ್ದವು. ಒಂದು ಮಧ್ಯಾಹ್ನದ ಮರಳಿನ ಚೀಲದ ಕೆಲಸ ಮಣ್ಣುಪಾಲು. ಊರೊಳಗೆ, ಆಟೋಬಾನಿನಲ್ಲಿ ಇದೊಂದೂ ಗೊತ್ತಾಗಲಿಲ್ಲ. ಸಣ್ಣ ಹಳ್ಳಕ್ಕೆ ಟಕ್ ಅಂತ ಸದ್ದು ಬರುತ್ತಿತ್ತು, ಗಟ್ಟಿ ಸಸ್ಪೆನ್ಶನ್ ಅಂದ್ರೆ ಹಾಗೇ ಅಂದುಕೊಂಡೆ.

ಮೂರು ವಾರ ಬಿಟ್ಟು ನ್ಯೂರ್‌ಬುರ್ಗ್‌ರಿಂಗ್‌ಗೆ ಹೋದೆ. 1927ರಲ್ಲಿ ತೆರೆದ ರೇಸ್ ಟ್ರ್ಯಾಕು. ನಾರ್ಡ್‌ಶ್ಲೈಫೆ ಅನ್ನೋ ಉತ್ತರದ ಸುತ್ತು 20.8 ಕಿಲೋಮೀಟರ್, 73 ತಿರುವು, ತಗ್ಗಿಗೂ ಏರಿಗೂ ಸುಮಾರು 300 ಮೀಟರ್ ಅಂತರ. 1976ರಲ್ಲಿ ಫಾರ್ಮುಲಾ 1 ಓಟಗಾರ ನಿಕಿ ಲೌಡಾ ಬೆಂಕಿಗೆ ಸಿಕ್ಕಿದ್ದು ಇಲ್ಲೇ, ಬೆರ್ಗ್‌ವೆರ್ಕ್ ಹತ್ತಿರ. ಸಾರ್ವಜನಿಕರಿಗೆ ಬಿಡುವ ದಿನ ದುಡ್ಡು ಕೊಟ್ಟು ಯಾರು ಬೇಕಾದರೂ ಓಡಿಸಬಹುದು, ಕಾನೂನಿನ ಪ್ರಕಾರ ಅಂದು ಅದು ಟೋಲ್ ಕಟ್ಟುವ ಏಕಮುಖ ರಸ್ತೆ. ಮೊದಲ ಸುತ್ತು ಮೆಲ್ಲಗೆ ಮುಗಿಸಿದೆ. ಎರಡನೇ ಸುತ್ತಿನಲ್ಲಿ ಆರೆಂಬೆರ್ಗ್ ತಿರುವು ದಾಟಿ ಫುಕ್ಸ್‌ರ್‍ಯೋರೆಗೆ ಇಳಿದೆ. ಎರಡೂ ಕಡೆ ಮರ, ನಡುವೆ ಕಡಿದಾದ ಇಳಿಜಾರು, ತಳದಲ್ಲಿ ಬಟ್ಟಲಿನ ಹಾಗೆ ತಗ್ಗು, ತಕ್ಷಣ ಏರು. ತಗ್ಗಿನಲ್ಲಿ ಕಾರಿನ ಭಾರವೆಲ್ಲ ಸ್ಪ್ರಿಂಗಿನ ಮೇಲೆ ಕೂರುತ್ತೆ, ಸ್ಟೇರಿಂಗನ್ನೂ ಒಂದಿಷ್ಟು ತಿರುಗಿಸಿಯೇ ಇರಬೇಕು. ತಳ ಮುಟ್ಟಿದ ಕ್ಷಣ ಮುಂದಿನಿಂದ ಸುತ್ತಿಗೆಯಿಂದ ಹೊಡೆದಂಥ ಪೆಟ್ಟು. ಸ್ಟೇರಿಂಗ್ ಹಗುರಾಯಿತು, ಕಾರು ತಿರುಗಲಿಲ್ಲ, ನೇರ ಹೊರಟಿತು. ನಾನು ಇನ್ನೂ ತಿರುಗಿಸಿದೆ, ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎರಡೂ ತಪ್ಪು. ಏರು ಶುರುವಾಗಿ ಮುಂದಿನ ಟೈರಿಗೆ ಹಿಡಿತ ಮರಳಿದಾಗ ಚಕ್ರಗಳು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ತಿರುಗಿದ್ದವು, ಹಿಂದಿನ ಚಕ್ರಗಳ ಮೇಲೆ ಭಾರವೇ ಇರಲಿಲ್ಲ. ಹಿಂಭಾಗ ಬೀಸಿ ಹೋಗಿ ಗಾರ್ಡ್‌ರೈಲಿಗೆ ಬಡಿಯಿತು.

ನನಗೆ ಭುಜದ ಮೇಲೆ ಬೆಲ್ಟಿನ ಬರೆ ಬಿಟ್ಟರೆ ಏನೂ ಆಗಲಿಲ್ಲ, ಹಿಂದೆ ಬರುತ್ತಿದ್ದವರೂ ತಪ್ಪಿಸಿಕೊಂಡರು. ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತೆ.

ದುಡ್ಡಿನ ವಿಷಯಕ್ಕೆ ಬರೋಣ. ಜರ್ಮನಿಯಲ್ಲಿ ಸಸ್ಪೆನ್ಶನ್ ಬದಲಾಯಿಸಿದರೆ ಟ್ಯೂಫ್ (ಗಾಡಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ) ತಪಾಸಣೆ ಮಾಡಿಸಿ ಗಾಡಿ ಪತ್ರದಲ್ಲಿ ನಮೂದಿಸಬೇಕು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ ಮಿಲಿಮೀಟರಿನಲ್ಲಿ ಬರೆದಿರುತ್ತೆ. ಗ್ಯಾರೇಜಿನವರು ಎಲ್ಲಾ ಸರಿಯಾಗಿ ಮಾಡಿಸಿಕೊಟ್ಟಿದ್ದರು. ಇನ್ಶೂರೆನ್ಸ್ ಕಡೆಯವರು ಬಂದು ಮೊದಲು ತೆಗೆದದ್ದೇ ಅಳತೆ ಟೇಪು. ಅಂಕಿ ಹೊಂದಲಿಲ್ಲ. ಹೊಂದಿದ್ದರೂ ನನ್ನ ಪಾಲಿಸಿಯಲ್ಲಿ ನಾರ್ಡ್‌ಶ್ಲೈಫೆ ಸೇರಿರಲಿಲ್ಲ, ಅದನ್ನೂ ನಾನು ಓದಿರಲಿಲ್ಲ. ಗಾರ್ಡ್‌ರೈಲಿನ ಬಿಲ್ಲು, ಟೋಯಿಂಗ್, ಬಾಡಿ ಕೆಲಸ ಸೇರಿ 11,000 ಯೂರೋ ಕೈಯಿಂದ ಹೋಯಿತು. ಹಾಸನದಲ್ಲಿ ಸೈಟಿಗೆ ಅಂತ ಇಟ್ಟಿದ್ದ ದುಡ್ಡು ಅದು. (ಊರಲ್ಲಿರುವವರು ಓದುತ್ತಿದ್ದರೆ: ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.)

ನನ್ನ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ನಿಂಗೇನೂ ಆಗ್ಲಿಲ್ವಲ್ಲ ಮಗಾ ಅಂತ ಎರಡು ಸಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ಲೇಟು ಕೂತಿರೋ ಗಾಡೀನ ಯಾರಾದ್ರೂ ಘಾಟಿ ಇಳಿಸ್ತಾರೇನೋ?" ಅಂದರು. ಎಸ್ಟೇಟ್ ಜೀಪಿನ ಪ್ಲೇಟು (ಪಟ್ಟಿ ಸ್ಪ್ರಿಂಗು) ಕೂತರೆ ರಿಪೇರಿ ಆಗುವವರೆಗೂ ಅವರು ಅದನ್ನು ಶೆಡ್ಡಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ನಾನು ಅದನ್ನು ನೋಡಿಕೊಂಡೇ ಬೆಳೆದವನು.

ಈಗ ನಿಮ್ಮ ಪ್ರಶ್ನೆ. ಸೂಪರ್‌ಚಾರ್ಜರ್ ಬೇಕೋ ಬೇಡವೋ ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆ ಅದು ಅಂತ ನನಗೆ ಅನ್ನಿಸೋದಿಲ್ಲ. ಆ ಕಾರಿನ ಹಿಂದಿನ ತಳದ ತಗಡಿಗೆ ಪ್ಲೇಟ್ ಹಾಕಿದ್ದಾರಾ? ಹಾಕುವಾಗಿನ ಫೋಟೋ ಇದೆಯಾ? 343ಕ್ಕೇ ಸೀಳುವ ತಗಡು 450ಕ್ಕೆ ಎಷ್ಟು ದಿನ ತಡೆದೀತು? ಬೇರಿಂಗ್ ಯಾವಾಗ ಬದಲಾಗಿದೆ? ಈ ಇಂಜಿನ್ನಿನ ಕಂಪ್ರೆಶನ್ 11.5:1, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಅದು ಮೊದಲೇ ಅಷ್ಟು ಪಟ್ಟು ಒತ್ತುತ್ತೆ. ಅಷ್ಟಿರುವ ಇಂಜಿನ್ನಿಗೆ ಒತ್ತಿ ಗಾಳಿ ತುಂಬಿದರೆ ಬಿಸಿ, ನಾಕಿಂಗ್ (ಪೆಟ್ರೋಲು ಹೊತ್ತಿಗೆ ಮೊದಲೇ ತಾನಾಗಿ ಸಿಡಿಯೋದು) ಎರಡನ್ನೂ ಬಹಳ ಎಚ್ಚರದಿಂದ ನೋಡಿಕೊಳ್ಳಬೇಕು. ನೋಡಿಕೊಳ್ಳುವ ಗ್ಯಾರೇಜು ಇರಬಹುದು, ನಿಮ್ಮ ಮಾರಾಟಗಾರ ಅಂಥವರ ಹತ್ತಿರ ಹೋಗಿದ್ದರೆ ಆಯಿತು. ನಾನಂತೂ ಆ ಕಾರು ಮುಟ್ಟೋದಿಲ್ಲ. ಆ ಆರು ಥ್ರಾಟಲಿನ ಚುರುಕು, ಆ ಸದ್ದು ಇವಕ್ಕಾಗಿಯೇ ಜನ ಈ ಕಾರು ಹುಡುಕಿಕೊಂಡು ಬರೋದು, ಅದರ ಮೇಲೆ ಸೂಪರ್‌ಚಾರ್ಜರಿನ ಕೂಗು ಹೇರೋದು ನನ್ನ ಮನಸ್ಸಿಗೆ ಒಗ್ಗೋದಿಲ್ಲ. ಎರಡನೇ ಕಾರನ್ನು ನೋಡಿ. ಮಾಡಿಫೈ ಮಾಡಿದ ಗ್ಯಾರೇಜಿಗೆ ನೀವೇ ಫೋನ್ ಮಾಡಿ, ಆ ಕೆಲಸ ಮಾಡಿದವರ ಹತ್ತಿರ ಐದು ನಿಮಿಷ ಮಾತಾಡಿ.

ನನ್ನ ಕಾರು ರಿಪೇರಿಯಾಗಿ ಅದೇ ಗ್ಯಾರೇಜಿಗೆ ವಾಪಸ್ ಹೋಯಿತು. ಹಿರಿಯರು ಬೈಯಲಿಲ್ಲ. ಮತ್ತೆ ಮರಳಿನ ಚೀಲ, ಮತ್ತೆ ಆ ಮಧ್ಯಾಹ್ನ. ಎಲ್ಲಾ ಮುಗಿದ ಮೇಲೆ ನಾಲ್ಕೂ ಕಾಲರಿನ ಮೇಲೆ ಹಳದಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆದರು, ಸ್ವಲ್ಪ ತಿರುಗಿದರೂ ಗೊತ್ತಾಗಲಿ ಅಂತ. ಚಳಿಗಾಲದ ಟೈರು ಹಾಕುವಾಗಲೆಲ್ಲ ನಾನು ಮೊದಲು ಆ ಗೆರೆ ನೋಡುತ್ತೇನೆ. ನೀವು ಕಾರು ನೋಡೋಕೆ ಹೋಗುವಾಗ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಳ್ಳಿ, ನಾಲ್ಕೂ ಚಕ್ರದ ಎತ್ತರ ಅಳೆದು ಪತ್ರದಲ್ಲಿರುವ ಅಂಕಿಯ ಜೊತೆ ಹೋಲಿಸಿ. ಹೊಂದದಿದ್ದರೆ ಟೆಸ್ಟ್ ಡ್ರೈವ್ ಕೂಡ ಮಾಡಬೇಡಿ, ಕೀಲಿ ವಾಪಸ್ ಕೊಟ್ಟು ಬನ್ನಿ.