ರಸ್ತೆಯ ಮಟ್ಟ ಹೊಸ್ತಿಲಿಂದ ಲೆಕ್ಕ ಹಾಕಿ

ಮಾನ್ಯರೆ,

ಹಳೇ ಪೇಟೆ ಬೀದಿಯಲ್ಲಿ ಮೂರು ತಲೆಮಾರಿನಿಂದ ಅಂಗಡಿ ನಡೆಸುತ್ತಿದ್ದೀರಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಹೊಸ್ತಿಲಿನ ಸಮಕ್ಕೆ ಬಂದಿದೆ, ಜೋರು ಮಳೆ ಬಂದರೆ ನೀರು ಒಳಗೇ ನುಗ್ಗುತ್ತದೆ ಎಂದು ಬರೆದಿದ್ದೀರಿ. ಬೀದಿಯ ‘ಅಭಿವೃದ್ಧಿ’ಗೆ ವೈಟ್ ಟಾಪಿಂಗ್ ಸಾಕೆ, ಅಂಗಡಿಗಳ ಮುಂಭಾಗ ಒಡೆದು ಅಗಲೀಕರಣ ಮಾಡಬೇಕೆ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಬೀದಿಗೆ ಎರಡೂ ಬೇಡ. ವೈಟ್ ಟಾಪಿಂಗ್ ಎಂದರೆ ಇರುವ ಡಾಂಬರಿನ ಮೇಲೆ ಸಾಮಾನ್ಯವಾಗಿ 150ರಿಂದ 200 ಮಿ.ಮೀ. ಕಾಂಕ್ರೀಟು. ಈಗಲೇ ನೀರು ನುಗ್ಗುವ ಅಂಗಡಿ ಆಮೇಲೆ ಹೊಂಡದಲ್ಲಿ ಕೂರುತ್ತದೆ. ಹಳೆಯ ಪದರಗಳನ್ನು ಪೂರ್ತಿ ಅಗೆದು ತೆಗೆದು, ಮಟ್ಟ ಇಳಿಸಿಯೇ ಕೆಲಸ ಶುರುವಾಗಬೇಕು.

ಲೆಕ್ಕ ಹೀಗೆ: ಹೊಸ್ತಿಲಿಗಿಂತ 50 ಮಿ.ಮೀ. ಕೆಳಗೆ ಫುಟ್‌ಪಾತ್ ಆರಂಭ. 2 ಮೀಟರ್ ಅಗಲಕ್ಕೆ 50ಕ್ಕೆ 1ರ ಇಳಿಜಾರು ಕೊಟ್ಟರೆ ಅಂಚಿಗೆ ಬರುವಷ್ಟರಲ್ಲಿ ಇನ್ನೂ 40. ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲಿನ ಎತ್ತರ 150. ಅದಕ್ಕಿಂತ ಹೆಚ್ಚಾದರೆ ವಯಸ್ಸಾದವರು ಫುಟ್‌ಪಾತ್ ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಅಲ್ಲಿಗೆ ರಸ್ತೆಯ ಅಂಚು ಹೊಸ್ತಿಲಿಂದ 240 ಮಿ.ಮೀ. ಕೆಳಗಿರಬೇಕು.

ಇದಕ್ಕಿಂತ ದೊಡ್ಡ ಕೆಲಸ ನೆಲದೊಳಗಿದೆ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ರಸ್ತೆಗಳಿಂದ ಕಲಿಯಬೇಕಾದದ್ದು ಚಂದದ ಫುಟ್‌ಪಾತನ್ನಲ್ಲ, ಅದರಡಿಯ ಪೈಪು, ಕೇಬಲ್‌ಗಳಿಗೆ ಮೊದಲೇ ಜಾಗ ಗೊತ್ತುಮಾಡಿದ ಕ್ರಮವನ್ನು. ಆಳದ್ದು ಮೊದಲು: ಒಳಚರಂಡಿ, ಮಳೆನೀರಿನ ಮೋರಿ, ಆಮೇಲೆ ಕುಡಿಯುವ ನೀರಿನ ಪೈಪು (ಒಳಚರಂಡಿಗಿಂತ ಮೇಲೆ, ಅದರಿಂದ ದೂರ), ಕೊನೆಗೆ ಕೇಬಲ್‌ಗಳು. ಜೊತೆಗೆ ಒಂದೆರಡು ಖಾಲಿ ಡಕ್ಟ್‌ಗಳನ್ನೂ (ಕೇಬಲ್ ಎಳೆಯುವ ಕೊಳವೆ) ಹಾಕಿಸಿ. ನಾಳೆ ಬರುವ ಇಂಟರ್‌ನೆಟ್ ಕಂಪನಿ ರಸ್ತೆ ಅಗೆಯುವುದು ತಪ್ಪುತ್ತದೆ. ಪ್ರತಿ ಅಂಗಡಿಯ ಒಳಚರಂಡಿ ಸಂಪರ್ಕವನ್ನೂ ಈಗಲೇ ಬದಲಿಸಿ. ಮುಖ್ಯ ಪೈಪು ಹೊಸದಾಗಿ, ಮನೆ ಸಂಪರ್ಕ ಹಳೆಯದೇ ಉಳಿದರೆ ಸೋರಿಕೆ ಅಲ್ಲಿಂದಲೇ ಶುರು. ಗುಂಡಿ ಮುಚ್ಚುವ ಮೊದಲು ಚೇಂಬರ್‌ನಿಂದ ಚೇಂಬರ್‌ಗೆ ನೀರು ಬಿಟ್ಟು ನೋಡಬೇಕು. ಮುಚ್ಚುವಾಗ 200 ಮಿ.ಮೀ.ಗೊಂದು ಪದರ ಹಾಕಿ ದಮ್ಮಸು ಮಾಡಬೇಕು. ಟಿಪ್ಪರ್‌ನಿಂದ ಒಂದೇ ಸಲ ಮಣ್ಣು ಸುರಿದದ್ದು ಒಂದೇ ಮಳೆಗಾಲದಲ್ಲಿ ಕುಸಿಯುತ್ತದೆ.

ಮೇಲ್ಮೈಗೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನಂತೆ ಕಲ್ಲು ಹಾಸೋಣ ಎಂಬ ಆಸೆ ನಿಮ್ಮ ಬೀದಿಯವರಿಗೂ ಇದೆಯಂತೆ. 2018ರಲ್ಲಿ ತೆರೆದ ಆ ಬೀದಿಯಲ್ಲಿ ನಡೆಯುವುದು ನಿಜಕ್ಕೂ ಖುಷಿ. ಆದರೆ ಗೂಡ್ಸ್ ಆಟೋ, ಲಾರಿ ತಿರುಗುವ ಪೇಟೆಯಲ್ಲಿ ಕಲ್ಲು 100 ಮಿ.ಮೀ. ದಪ್ಪ ಬೇಕು. ಅದರಡಿಯ ಮರಳಿನ ಹಾಸು 40 ಮಿ.ಮೀ. ಮೀರಬಾರದು. ಮರಳು ದಪ್ಪವಾದಷ್ಟೂ ಚಕ್ರದ ಜಾಡು ಬೇಗ ಬೀಳುತ್ತದೆ. ಸಂದು ಖಾಲಿ ಬಿಟ್ಟರೆ, ಅಂಚಿಗೆ ಗಟ್ಟಿ ಕರ್ಬ್ ಇಲ್ಲದಿದ್ದರೆ ಒಂದು ಕಲ್ಲು ಅಲುಗಿದ ಮೇಲೆ ಸುತ್ತಲಿನವೂ ಸಡಿಲಾಗುತ್ತವೆ.

ಅಗಲೀಕರಣದ ಬಗ್ಗೆ ನಮ್ಮ ಅಭಿಪ್ರಾಯ ಖಚಿತ. ಗಾರೆ, ಇಟ್ಟಿಗೆಯ ಹಳೇ ಕಟ್ಟಡಗಳಲ್ಲಿ ಮಹಡಿಯ ತೊಲೆಗಳು ಎಷ್ಟೋ ಕಡೆ ಮುಂದಿನ ಗೋಡೆಯ ಮೇಲೇ ಕೂತಿರುತ್ತವೆ. ಆ ಗೋಡೆ ಕತ್ತರಿಸಿದರೆ ಉಳಿದ ಕಟ್ಟಡವೂ ನಿಲ್ಲುವುದಿಲ್ಲ. ಸಿಕ್ಕ ನಾಲ್ಕಡಿ ಜಾಗದಲ್ಲಿ ಬೈಕುಗಳು ಸಾಲಾಗಿ ನಿಲ್ಲುತ್ತವೆ, ಅಷ್ಟೆ. ಸರಕು ಇಳಿಸುವುದಕ್ಕೆ ಬೆಳಗಿನ ಹೊತ್ತು ಗೊತ್ತುಮಾಡಿ. ಇರುವ ಅಗಲವೇ ಸಾಲುತ್ತದೆ.

ಹೂವಿನವರನ್ನೂ ತಳ್ಳುಗಾಡಿಯವರನ್ನೂ ಎಬ್ಬಿಸಬೇಕೆಂದು ನಿಮ್ಮ ಸಂಘ ಕೇಳಿರುವುದು ನಮಗೆ ಸರಿಕಾಣಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ. ಪೇಟೆಗೆ ಜನರನ್ನು ಕರೆತರುವವರೂ ಅವರೇ. ನಡೆಯಲು 1.8 ಮೀಟರ್ ಬಿಟ್ಟು, ಅವರ ಜಾಗವನ್ನೂ ನಕ್ಷೆಯಲ್ಲೇ ಗುರುತು ಮಾಡಿಸಿ.

ಈ ವಾರವೇ ಮೇಸ್ತ್ರಿಯೊಬ್ಬರನ್ನು ಕರೆದು, ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಬೀದಿಯ ಪ್ರತಿ ಹೊಸ್ತಿಲಿನ ಮಟ್ಟ ಬರೆಸಿಕೊಳ್ಳಿ. ಅತಿ ತಗ್ಗಿನ ಹೊಸ್ತಿಲಿಗೆ ಕೆಂಪು ಗುರುತು ಹಾಕಿ. ರಸ್ತೆಯ ಮಟ್ಟ ಅದನ್ನು ನೋಡಿಯೇ ನಿಗದಿಯಾಗಬೇಕು. ಆ ಪಟ್ಟಿ ಟೆಂಡರಿಗೆ ಮೊದಲೇ ಎಂಜಿನಿಯರ್ ಕೈ ಸೇರಲಿ. ಗುತ್ತಿಗೆ ಆದ ಮೇಲೆ ಮಟ್ಟ ಇಳಿಸುವುದೆಂದರೆ ಹೆಚ್ಚುವರಿ ಅಗೆತ, ಹೆಚ್ಚುವರಿ ಬಿಲ್ಲು. ಆಗ ಯಾರೂ ಒಪ್ಪುವುದಿಲ್ಲ.

— ಸಂಪಾದಕರು