ಪ್ರತಿಕ್ರಿಯೆ: ತೇಲುವ ಗಾಳಿಯಂತ್ರದ ಮಾದರಿ ವಾಲುತ್ತಿದೆ

ಖರ್ಚು ಉಳಿಸಲು ಗಾಳಿಯಂತ್ರವನ್ನು ತೇಲಿಸುವ ಕೊಳವೆ ಗಿಡ್ಡ ಮಾಡಿದ ಮೇಲೆ ಮಾದರಿ ತೊಟ್ಟಿಯಲ್ಲಿ ವಾಲುತ್ತಿದೆ ಅಂದಿರಿ. ಬಹುಶಃ ತೂಕ ಮೇಲೇರಿದೆ. ನನ್ನದೂ ಹೀಗೇ ಮಗುಚಿತ್ತು. ಉದ್ದ ಕೊಳವೆಯ ವಿನ್ಯಾಸದಲ್ಲಿ ತೂಕದ ಕೇಂದ್ರ ತೇಲುವಿಕೆಯ ಕೇಂದ್ರಕ್ಕಿಂತ (ಅಂದರೆ ನೀರು ಮೇಲಕ್ಕೆ ತಳ್ಳುವ ಬಲದ ಕೇಂದ್ರಕ್ಕಿಂತ) ಕೆಳಗಿರಬೇಕು. 2017ರಲ್ಲಿ ಶುರುವಾದ ಹೈವಿಂಡ್ ಸ್ಕಾಟ್ಲೆಂಡ್ ಎಂಬ ಸಮುದ್ರದಲ್ಲಿ ತೇಲುವ ಗಾಳಿವಿದ್ಯುತ್ ಸ್ಥಾವರದ ಕೊಳವೆಗಳು ನೀರಿನೊಳಗೆ ಸುಮಾರು 78 ಮೀಟರ್ ಇಳಿದಿರುವುದು ಸುಮ್ನೆ ಅಲ್ಲ.

ಮೊದಲು ಮಾದರಿಯನ್ನು ದಾರದಲ್ಲಿ ಅಡ್ಡಡ್ಡ ತೂಗುಹಾಕಿ. ಸಮವಾಗಿ ನಿಂತ ಜಾಗವೇ ತೂಕದ ಕೇಂದ್ರ. ಕೊಳವೆ ಒಂದೇ ದಪ್ಪವಿದ್ದರೆ, ಮುಳುಗಿದ ಭಾಗದ ನಟ್ಟನಡುವೆ ತೇಲುವಿಕೆಯ ಕೇಂದ್ರ. ಆಮೇಲೆ ತಳಕ್ಕೆ ಮರಳು ಅಥವಾ ಸೀಸದ ಗುಂಡು ತುಂಬಿ, ಕಂಬದ ತೂಕ ಇಳಿಸಿ. ಅರೆಬರೆ ನೀರು ತುಂಬಬೇಡಿ, ಕುಲುಕಾಡಿ ವಾಲಾಟ ಜಾಸ್ತಿಯಾಗುತ್ತದೆ.

ಫ್ಯಾನ್ ಹಾಕಿದಾಗ ಮಾತ್ರ ವಾಲುತ್ತದಾ? ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಲಂಗರಿನ ಹಗ್ಗ ತೀರಾ ಕೆಳಗೆ ಕಟ್ಟಿರಬಹುದು. ತೂಕದ ಕೇಂದ್ರದ ಹತ್ತಿರಕ್ಕೆ ಏರಿಸಿ ನೋಡಿ.